ಕೈ ನಡುಗಲಿ, ಗೆರೆ ನಡುಗಬಾರದು: ನನ್ನ ಅನುಭವ

ನನ್ನ ಕೈ ಇವತ್ತಿಗೂ ನಡುಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕುಂಚದಿಂದ ಬಣ್ಣ ಹಚ್ಚಿದ 75 ಮಿಲಿಮೀಟರ್ ಎತ್ತರದ ಫಿಗರ್, ಅಂದರೆ ಪುಟ್ಟ ಮನುಷ್ಯ ಬೊಂಬೆ, ನೋಡಿದವರೆಲ್ಲ ಕೇಳುವುದು ಒಂದೇ ಮಾತು, "ನಡುಕ ಹೆಂಗ ನಿಂತ್ತೋ?" ನಿಂತಿಲ್ಲ. ಅದನ್ನು ನಿಲ್ಲಿಸುವ ಗೋಜಿಗೆ ಈಗ ನಾನು ಹೋಗುವುದೂ ಇಲ್ಲ.

ಫಿಗರ್ ಯಾವುದು ಅಂದರೆ, ತಲೆ ಮೇಲೆ ಚರಗದ ಬುಟ್ಟಿ ಹೊತ್ತು ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೊರಟ ಹೆಣ್ಣುಮಗಳು. ಉಟ್ಟಿರುವುದು ಇಳಕಲ್ ಸೀರೆ, ಕೆಂಪು ಸೆರಗು, ಅದರಲ್ಲಿ ಬಿಳಿ ಟೋಪ್ ತೆನಿ, ಅಂದರೆ ಮೊನೆಯುಳ್ಳ ತೆನೆಯಂಥ ಆಕಾರಗಳು. ನಿಜವಾದ ಸೀರೆಯಲ್ಲಿ ಎರಡು ಇಂಚು ಇರುವ ತೆನಿ ಈ ಅಳತೆಗೆ ಇಳಿಸಿದರೆ ಎರಡು ಮಿಲಿಮೀಟರ್ ಆಗುತ್ತದೆ. ಅಂಥವನ್ನು ಸಾಲಾಗಿ, ಒಂದರ ಮೊನೆ ಇನ್ನೊಂದಕ್ಕೆ ತಾಗದ ಹಾಗೆ ಬರೆದಿದ್ದೇನೆ. ಲೆನ್ಸ್ ಇಟ್ಟು ನೋಡಿ, ಗೆರೆ ಎಲ್ಲೂ ಅಲುಗಿಲ್ಲ. ನಮ್ಮ ಕಡೆ ಇಷ್ಟು ಸಣ್ಣದರಲ್ಲಿ ಇಳಕಲ್ ಸೆರಗು ಬರೆದವರನ್ನು ನಾನಂತೂ ನೋಡಿಲ್ಲ.

ಬೆಳಗಾವಿಯಲ್ಲಿ ಮಾಡೆಲ್ ಕಟ್ಟುವವರು ಕೈಬೆರಳಲ್ಲಿ ಎಣಿಸುವಷ್ಟು ಜನ. ಅವರಲ್ಲಿ ಹಿರಿಯರೊಬ್ಬರು ಹಿಂದೆ ನನಗೆ ಹೇಳಿದ್ದರು: "ತಮ್ಮಾ, ನಿನ್ನ ಕೈಗೆ ಇದು ಒಗ್ಗೂದಿಲ್ಲ. ಯುದ್ಧದ ಟ್ಯಾಂಕ್ ಮಾಡೆಲ್ ಕಟ್ಟು, ಬಣ್ಣ ಸಿಂಪಡಿಸೋ ಏರ್‌ಬ್ರಶ್ ಹಿಡಿ. ಮಾರಿ, ಕಣ್ಣು ಬರೆಯೋದು ಬಿಟ್ಟುಬಿಡು." ಅವರು ಕಾಳಜಿಯಿಂದಲೇ ಹೇಳಿದ್ದು. ಆದರೆ ಟ್ಯಾಂಕ್ ನನಗೆ ಬೇಡವಾಗಿತ್ತು. ನನಗೆ ಬೇಕಾಗಿದ್ದು ಮನುಷ್ಯರು.

ಇನ್ನು ದುಡ್ಡಿನ ಲೆಕ್ಕ. ಮೊದಲು ಹೋಗಿದ್ದು ಕುಂಚಗಳಿಗೆ. ಮೂರು ಸೊನ್ನೆ, ಐದು ಸೊನ್ನೆ, ಹತ್ತು ಸೊನ್ನೆ ಎಲ್ಲವನ್ನೂ ತರಿಸಿದೆ. ಸೊನ್ನೆ ಜಾಸ್ತಿ ಆದಷ್ಟು ಗೆರೆ ಸಣ್ಣ ಬರುತ್ತದೆ ಅಂತ ಮಾರುವವರು ಹೇಳುತ್ತಾರೆ ಅಲ್ವಾ. ಆದರೆ ಅವುಗಳ ಹೊಟ್ಟೆಯಲ್ಲಿ, ಅಂದರೆ ಕೂದಲಿನ ನಡುಭಾಗದಲ್ಲಿ, ಬಣ್ಣ ನಿಲ್ಲುವುದೇ ಇಲ್ಲ. ಪ್ಯಾಲೆಟ್‌ನಿಂದ ಫಿಗರ್‌ವರೆಗೆ ಬರುವಷ್ಟರಲ್ಲಿ ತುದಿ ಒಣಗಿರುತ್ತದೆ. ಒಣ ತುದಿ ಎಳೆಯುತ್ತದೆ ಅಂತ ನಾವು ಒತ್ತುತ್ತೇವೆ, ಒತ್ತಿದರೆ ಬೆರಳು ಬಿಗಿಯಾಗುತ್ತದೆ, ಬೆರಳು ಬಿಗಿಯಾದರೆ ನಡುಕ ಇನ್ನೂ ಜಾಸ್ತಿ. ಆಮೇಲೆ ಕೊಲಿನ್‌ಸ್ಕಿ ಅನ್ನುವ ಪ್ರಾಣಿಯ ಕೂದಲಿನ ಒಂದನೇ ನಂಬರ್ ತಗೊಂಡೆ, ಒಂದೂವರೆ ಸಾವಿರದ ಆಸುಪಾಸು. ಅದೊಂದೇ ಕುಂಚದಲ್ಲಿ ಇಡೀ ಸೆರಗು ಬರೆದದ್ದು. ಹೊಟ್ಟೆ ದಪ್ಪ ಇರಲಿ, ಮೊನೆ ಚೂಪಿರಲಿ, ಅಷ್ಟೇ ಬೇಕಾಗಿದ್ದು.

ಫಿಗರ್ ಕೂರಿಸಿ ಹಿಡಿಯುವ, ಹೆಬ್ಬೆರಳಿಗೆ ಆಸರೆ ಕೊಡುವ ಹ್ಯಾಂಡಲ್ ಹೊರದೇಶದಿಂದ ಬಂತು, ಸುಂಕ ಸೇರಿ ಮೂರು ಸಾವಿರದ ಹತ್ತಿರ. ಚೆನ್ನಾಗಿದೆ, ಆದರೆ ನನ್ನ ಕೆಲಸಕ್ಕೆ ಬರಲಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ. ರಬ್ಬರ್ ಚೆಂಡು ಹಿಸುಕಿ ಕೈಗೆ ಬಲ ತಗೋ ಅಂದರು. ಒಂದೆರಡು ತಿಂಗಳು ಹಿಸುಕಿದೆ. ಇಡೀ ದಿನ ಮಷಿನ್ ಮೇಲೆ ದುಡಿದ ಕೈಯನ್ನು ಸಂಜೆ ಮತ್ತೆ ದಣಿಸಿದ ಹಾಗಾಯಿತು, ದಣಿದ ಕೈ ಜಾಸ್ತಿ ನಡುಗುತ್ತದೆ. ತಲೆಗೆ ಕಟ್ಟುವ ಲೆನ್ಸ್ ಮಾತ್ರ ಉಪಯೋಗಕ್ಕೆ ಬಂತು. ಮೊದಲು ಏಳೆಂಟು ನೂರರ ಪ್ಲಾಸ್ಟಿಕ್ಕಿನದು, ಅಂಚಿನಲ್ಲಿ ಬಣ್ಣ ಬಣ್ಣ ಕಾಣುತ್ತಿತ್ತು, ತಲೆ ನೋವು. ಆಮೇಲೆ ಗಾಜಿನದು ನಾಲ್ಕು ಸಾವಿರ ಕೊಟ್ಟು ತಗೊಂಡೆ. ಕಣ್ಣಿಗೆ ದೊಡ್ಡದಾಗಿ ಕಂಡರೆ ಕೈ ತಾನಾಗಿಯೇ ಸಣ್ಣ ಸಣ್ಣದಾಗಿ ಚಲಿಸುತ್ತದೆ, ಇದು ನಿಜ. ಹೀಗೆ ನಾಲ್ಕೈದು ವರ್ಷದಲ್ಲಿ ಎಲ್ಲ ಸೇರಿ ಹದಿನಾಲ್ಕು ಹದಿನೈದು ಸಾವಿರ ಹೋಗಿರಬೇಕು.

ಮಾತ್ರೆಯ ವಿಷಯ. ಪ್ರೊಪ್ರನೊಲಾಲ್ ನುಂಗಿದರೆ ಕೈ ನಿಲ್ಲುತ್ತದೆ ಅಂತ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ. ನಡುಕ ಕಡಿಮೆ ಮಾಡುತ್ತದೆ ಅನ್ನುವುದು ಸುಳ್ಳಲ್ಲ. ಅದಕ್ಕೇ ಶೂಟಿಂಗ್, ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಆ ಜಾತಿಯ ಮಾತ್ರೆಗಳಿಗೆ ನಿಷೇಧ ಇದೆ. ಆದರೆ ಅದು ಹೃದಯದ ಬಡಿತ ಇಳಿಸುವ ಔಷಧಿ, ದಮ್ಮು ಇರುವವರಿಗೆ ಅಪಾಯ. ಫಿಗರ್ ಬರೆಯುವುದಕ್ಕೆ ಅಂತ ಅಂಗಡಿಯಿಂದ ತಂದು ನುಂಗುವುದಲ್ಲ. ನಾನು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ದಮ್ಮಿಗೆ ಸಾಲ್ಬುಟಮಾಲ್ ಪಂಪ್ ತಗೊಳ್ಳುವವರಿಗೆ ಅದರಿಂದಲೇ ಕೈ ನಡುಗುವುದುಂಟು. ನಮ್ಮ ಪೈಕಿ ಒಬ್ಬರಿಗೆ ಹಾಗಿದೆ. ಅವರು ಪಂಪ್ ತಗೊಂಡ ಮೇಲೆ ಕೆಲವು ತಾಸು ಬರೀ ಬೇಸ್‌ಕೋಟ್ (ಮೊದಲ ಪದರದ ಬಣ್ಣ) ಕೆಲಸ ಮಾಡುತ್ತಾರೆ, ಗೆರೆ ಕೆಲಸ ಬೇರೆ ಹೊತ್ತಿಗೆ ಇಟ್ಟುಕೊಳ್ಳುತ್ತಾರೆ.

ನಡುಕವನ್ನು ಅಳೆದೂ ನೋಡಿದ್ದೇನೆ. ಕುಂಚದ ಬೆನ್ನಿಗೆ ಸಣ್ಣ ಲೇಸರ್ ಕಟ್ಟಿ, ಮೂರು ಮೀಟರ್ ಆಚೆ ಗೋಡೆಗೆ ಗ್ರಾಫ್ ಹಾಳೆ ಅಂಟಿಸಿ, ಚುಕ್ಕೆ ಆಡುವುದನ್ನು ಮೊಬೈಲಿನಲ್ಲಿ ಸ್ಲೋ ಮೋಷನ್ ಹಿಡಿದೆ. ಸೆಕೆಂಡಿಗೆ ಒಂಬತ್ತು ಹತ್ತು ಸಲ ಅತ್ತಿತ್ತ ಆಗುತ್ತಿತ್ತು. ಇದು ರೋಗ ಅಲ್ಲ. ಎಲ್ಲರ ಕೈಯಲ್ಲೂ ಸೆಕೆಂಡಿಗೆ 8ರಿಂದ 12 ಸಲದ ನಡುಕ ಇದ್ದೇ ಇರುತ್ತದೆ, ಕೆಲವರದು ಕಣ್ಣಿಗೆ ಕಾಣುತ್ತದೆ, ಕೆಲವರದು ಕಾಣುವುದಿಲ್ಲ. ಚಹಾ ಕುಡಿದು ಅರ್ಧ ತಾಸಿಗೆ ಚುಕ್ಕೆಯ ಆಟ ಸುಮಾರು ಒಂದೂವರೆ ಪಟ್ಟು ಆಯಿತು. ಊಟ ತಪ್ಪಿಸಿದ ದಿನ ಅದಕ್ಕಿಂತ ಜಾಸ್ತಿ. ಎಲ್ಲಕ್ಕಿಂತ ಕೆಟ್ಟದ್ದು ಗ್ರೈಂಡರ್ ಹಿಡಿದ ದಿನ, ಆವತ್ತು ಚುಕ್ಕೆ ಹಾಳೆ ಬಿಟ್ಟೇ ಹೊರಗೆ ಹೋಯಿತು. ಈಗ ಗ್ರೈಂಡರ್ ಕೆಲಸ ಇದ್ದ ದಿನ ರಾತ್ರಿ ಪ್ಲಾಸ್ಟಿಕ್ ಉಜ್ಜುವುದು, ಪುಟ್ಟಿ ತುಂಬುವುದು, ಅಷ್ಟೇ. ಗೆರೆ ಕೆಲಸ ಭಾನುವಾರ ಮುಂಜಾನೆ, ನಾಷ್ಟಾ ಆದ ಮೇಲೆ, ಚಹಾಕ್ಕೆ ಮೊದಲು.

ಆದರೆ ಇದೆಲ್ಲ ನಡುಕ ಕಡಿಮೆ ಮಾಡುವ ಮಾತು. ಕೆಲಸ ಆಗಿದ್ದು ಬೇರೆ ಕಡೆಯಿಂದ.

ನಾನು ಉದ್ಯಮಬಾಗದಲ್ಲಿ ಲೇತ್ ಮೇಲೆ ಕೆಲಸ ಮಾಡುವವನು. ತೂತಿನ ಒಳಗೆ ಕೊರೆಯುವ ಬೋರಿಂಗ್ ಬಾರ್ ತನ್ನನ್ನು ಹಿಡಿದಿರುವ ಟೂಲ್‌ಪೋಸ್ಟ್‌ನಿಂದ ಜಾಸ್ತಿ ಹೊರಗೆ ಚಾಚಿದರೆ ಚಾಟರ್, ಅಂದರೆ ಅದುರು, ಬರುತ್ತದೆ, ಕೊರೆಯುವ ತುಂಡಿನ ಮೇಲೆ ಗೆರೆ ಗೆರೆ ಏಳುತ್ತದೆ. ಹೊಸದಾಗಿ ಸೇರಿದ ಹುಡುಗರಿಗೂ ಇದು ಗೊತ್ತು. ಚಾಚು ಎರಡು ಪಟ್ಟಾದರೆ ಅಷ್ಟೇ ಒತ್ತಡಕ್ಕೆ ಬಾರ್ ಬಾಗುವುದು ಎಂಟು ಪಟ್ಟು. ಆಗ ಯಾರೂ ಮಷಿನ್ ಬದಲಾಯಿಸುವುದಿಲ್ಲ, ಬಾರ್ ಒಳಗೆ ತಳ್ಳಿ ಬಿಗಿ ಮಾಡುತ್ತಾರೆ. ಕೈಯಲ್ಲಿ ಲೆಕ್ಕ ಎಂಟು ಪಟ್ಟಿನದಲ್ಲ, ಆದರೆ ದಿಕ್ಕು ಅದೇ. ಮೊಣಕೈ ಊರಿ ಬರೆದರೆ ಕುಂಚದ ತುದಿ ಆಸರೆಯಿಂದ 40 ಸೆಂಟಿಮೀಟರ್ ದೂರ. ಮಣಿಕಟ್ಟು ಊರಿದರೆ 15-18. ಕಿರುಬೆರಳು ಊರಿದರೆ ಮೂರು ನಾಲ್ಕು. ನಡುಕ ಅಷ್ಟೇ ಇದ್ದರೂ ತುದಿ ಓಡಾಡುವುದು ಎಷ್ಟು ಕಡಿಮೆ ಆಯಿತು ನೋಡಿ.

ಇದು ಪಕ್ಕಾ ಆಗಿದ್ದು ಗಣಪತಿ ಮೂರ್ತಿಗೆ ಕಣ್ಣು ಬರೆಯುವ ಕಾಕಾ ಒಬ್ಬರ ಕೆಲಸ ನೋಡಿದ ಮೇಲೆ. ಎಪ್ಪತ್ತು ದಾಟಿದವರು. ಚಹಾದ ಕಪ್-ಬಸಿ ಹಿಡಿದರೆ ಕಟಕಟ ಸಪ್ಪಳ ಬರುತ್ತದೆ. ಅದೇ ಕೈಯಲ್ಲಿ ಒಂದು ಬಟ್ಟೆ ತುಂಡು ಗಣಪತಿಯ ಗಲ್ಲದ ಮೇಲಿಟ್ಟು, ಅದರ ಮೇಲೆ ಕಿರುಬೆರಳು ಊರಿ, ಅರ್ಧ ಉಸಿರು ಬಿಟ್ಟು, ರೆಪ್ಪೆಯ ಗೆರೆಯನ್ನು ಒಂದೇ ಎಳೆತಕ್ಕೆ ಎಳೆದರು. "ಕಾಕಾ, ಕೈ ನಡುಗೂದಿಲ್ಲೇನ್ರಿ?" ಅಂದೆ. "ಬೆರಳು ಮೂರ್ತಿ ಮ್ಯಾಲ ಐತಲ್ಲೋ, ಇನ್ನ ಕೈ ಎಲ್ಲಿ ಹೋಗ್ತೈತಿ?" ಅಂದರು.

ಬೆರಳು ಮೂರ್ತಿ ಮೇಲೆ ಇದೆ, ಮೇಜಿನ ಮೇಲೆ ಅಲ್ಲ. ವಿಷಯ ಇರುವುದು ಇಲ್ಲಿ. ನಾವು ಫಿಗರ್ ಎಡಗೈಯಲ್ಲಿ ಹಿಡಿಯುತ್ತೇವೆ, ಕುಂಚ ಬಲಗೈಯಲ್ಲಿ. ಎಡಗೈಯದು ಒಂದು ನಡುಕ, ಬಲಗೈಯದು ಒಂದು ನಡುಕ, ಎರಡೂ ಸೇರಿ ಗೆರೆ ಮೇಲೆ ಬೀಳುತ್ತವೆ. ಎರಡೂ ಅಂಗೈಗಳ ಬುಡ, ಮಣಿಕಟ್ಟಿನ ಹತ್ತಿರದ ಭಾಗ, ಕೂಡಿಸಿ ಹಿಡಿಯುವುದು ನಿಮಗೆಲ್ಲ ಗೊತ್ತು, ಅದೂ ಇದೇ ಕಾರಣಕ್ಕೆ. ಮೂರು ಸಾವಿರದ ಹ್ಯಾಂಡಲ್ ನನಗೆ ಆಗಿಬರಲಿಲ್ಲ ಅಂದೆನಲ್ಲ, ಅದು ಬಲಗೈಗೆ ಆಸರೆ ಕೊಡುತ್ತದೆ ನಿಜ, ಆದರೆ ತಾನೇ ನನ್ನ ಎಡಗೈಯಲ್ಲಿ ಇರುತ್ತದೆ. ಎಡಗೈ ದಣಿದರೆ ಮುಗಿಯಿತು. ಗಣಪತಿಯ ಮೂರ್ತಿ ದೊಡ್ಡದು, ಗಲ್ಲದ ಮೇಲೆ ಬೆರಳಿಗೆ ಜಾಗ ಇದೆ. 75 ಮಿಲಿಮೀಟರ್ ಹೆಣ್ಣುಮಗಳ ಮೇಲೆ ಬೆರಳು ಎಲ್ಲಿ ಊರುವುದು? ಹಾಗಾಗಿ ಫಿಗರ್ ಮತ್ತು ಬೆರಳು ಎರಡನ್ನೂ ಒಂದೇ ಗಟ್ಟಿ ವಸ್ತುವಿನ ಮೇಲೆ ತರಬೇಕಾಯಿತು.

ಎರಡು ಕೆಜಿಗೆ ಸ್ವಲ್ಪ ಮೇಲಿನ ಎರಕದ ಕಬ್ಬಿಣದ ತುಂಡು ಗುಜರಿಯಲ್ಲಿ ಸಿಕ್ಕಿತು. ಮೇಲೆ ವಿ ಆಕಾರದ ತೋಡು ಹೊಡೆದೆ. ಅದರಲ್ಲಿ 20 ಮಿಲಿಮೀಟರ್ ರೌಂಡ್ ಬಾರ್ ಕೂರುತ್ತದೆ, ಬಾರ್ ತುದಿಗೆ ಫಿಗರ್. ಬಾರ್ ತಿರುಗಿಸಬಹುದು, ಬಿಟ್ಟರೆ ಅಲ್ಲೇ ನಿಲ್ಲುತ್ತದೆ, ಅಷ್ಟು ಬಿಗಿ ಇರಬೇಕು. ಆ ಬಿಗಿ ಹೇಗೆ ತಂದೆ ಅನ್ನುವುದು ನನ್ನ ಹತ್ತಿರವೇ ಇರಲಿ, ಅದಕ್ಕೆ ಬಹಳ ತಲೆ ಕೆಡಿಸಿಕೊಂಡಿದ್ದೇನೆ. ಅದೇ ತುಂಡಿಗೆ ಬೋಲ್ಟ್ ಹಾಕಿದ ಅಲ್ಯೂಮಿನಿಯಂ ಪಟ್ಟಿ, ಫಿಗರ್‌ನಿಂದ ಮೂರು ಸೆಂಟಿಮೀಟರ್ ಈಚೆ ಬಂದು ನಿಲ್ಲುತ್ತದೆ, ಮೇಲೆ ಕೆಳಗೆ ಸರಿಸಬಹುದು. ಕಿರುಬೆರಳು ಕೂರುವುದು ಅಲ್ಲಿ. ಪಟ್ಟಿಯ ಅಂಚು ಗುಂಡಗೆ ಉಜ್ಜಿ ಸೈಕಲ್ ಟ್ಯೂಬಿನ ರಬ್ಬರ್ ಅಂಟಿಸಿದ್ದೇನೆ. ಖರ್ಚು ನೂರೈವತ್ತು ಇನ್ನೂರು ರೂಪಾಯಿ, ಊಟದ ಬಿಡುವಿನ ಹೊತ್ತು ಬೇರೆ. ಮೊದಲು ಮಾಡಿದ್ದು ಬರೀ ಅಲ್ಯೂಮಿನಿಯಂನದು, ಹಗುರ ಇತ್ತು, ಬೆರಳು ಊರಿದರೆ ಇಡೀ ಸಾಮಾನೇ ಸರಿಯುತ್ತಿತ್ತು. ತೂಕ ಬೇಕೇ ಬೇಕು.

ಎತ್ತರವೂ ಮುಖ್ಯ. ಸಾಮಾನ್ಯ ಮೇಜಿನ ಮೇಲೆ ಇಟ್ಟರೆ ಕುತ್ತಿಗೆ ಬಗ್ಗುತ್ತದೆ, ಭುಜ ಏಳುತ್ತದೆ. ಎದೆಯ ಮಟ್ಟಕ್ಕೆ ಏರಿಸಿದೆ, ಮೊಣಕೈ ಕೆಳಗೆ ಸಣ್ಣ ಚೀಲ. ಚೀಲಕ್ಕೆ ಮೊದಲು ಜೋಳ ತುಂಬಿದ್ದೆ, ಕೈಗೆ ಬಹಳ ಹಿತ. ಮಳೆಗಾಲದಲ್ಲಿ ನುಸಿ ಬಿತ್ತು. ಮರಳು ತುಂಬಿದೆ, ಹೊಲಿಗೆಯಲ್ಲಿ ಸೋರಿ ಹಸಿ ಬಣ್ಣಕ್ಕೆ ಕೂತಿತು. ಈಗ ಫೌಂಡ್ರಿಯ ಶಾಟ್‌ಬ್ಲಾಸ್ಟಿನ ಉಕ್ಕಿನ ಗುಂಡು, ಎರಡು ಪದರ ಬಟ್ಟೆ.

ಬಣ್ಣದ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ವಿಜಯಪುರಕ್ಕೆ ಅಕ್ಕನ ಮನೆಗೆ ಹೋದಾಗ ಈ ಕಬ್ಬಿಣದ ಬ್ಲಾಕ್ ಒಯ್ದಿದ್ದೆ. ಹೊರಗೆ ನಲವತ್ತು ಡಿಗ್ರಿ, ಒಳಗೆ ಫ್ಯಾನ್. ಬೆಳಗಾವಿಯಲ್ಲಿ ನಯವಾಗಿ ಬರುತ್ತಿದ್ದ ಗೆರೆ ಅಲ್ಲಿ ಹರಿದು ಹರಿದು ಬಂತು. ಫ್ಯಾನ್ ಆರಿಸಿ, ಬಣ್ಣ ಒಣಗದಂತೆ ಇಡುವ ವೆಟ್ ಪ್ಯಾಲೆಟ್‌ನ ಸ್ಪಂಜಿಗೆ ತಣ್ಣೀರು ಹಾಕಿ, ಬಣ್ಣಕ್ಕೆ ಕುಂಚದ ತುದಿಯಷ್ಟು ಗ್ಲಿಸರಿನ್ ಸೇರಿಸಿದ ಮೇಲೆ ಸರಿ ಹೋಯಿತು. ಗ್ಲಿಸರಿನ್ ಜಾಸ್ತಿ ಆದರೆ ಬಣ್ಣ ಎರಡು ದಿನ ಜಿಗಿಯಾಗೇ ಇರುತ್ತದೆ, ಧೂಳು ಹಿಡಿಯುತ್ತದೆ. ನಡುಕ ಅಂತ ದೂರುವ ಗೆರೆಗಳಲ್ಲಿ ಅರ್ಧಕ್ಕರ್ಧ ಬಣ್ಣದ ದೋಷವೇ ಅಂತ ನನಗೆ ಅನ್ನಿಸುತ್ತದೆ.

ಈಗ ಸೆರಗು. ಕೆಂಪಿನ ಮೇಲೆ ಬಿಳಿ ತೆನಿ ಬರೆಯಲು ಹೋಗಬೇಡಿ. ಬಿಳಿ ಮುಚ್ಚುವುದಿಲ್ಲ, ಮೂರು ನಾಲ್ಕು ಕೋಟ್ ಬೇಕು, ಪ್ರತಿ ಕೋಟಿಗೂ ಮೊನೆ ದಪ್ಪ ಆಗುತ್ತದೆ. ನಾನು ಬಿಳಿ ಬರಬೇಕಾದ ಪಟ್ಟೆಗಳನ್ನು ಮೊದಲೇ ಬಿಳಿ ಮಾಡಿಕೊಂಡೆ. ಆಮೇಲೆ ತೆನಿ ತೆನಿಯ ನಡುವಿನ ಸಂದಿಯನ್ನು ಕೆಂಪಿನಲ್ಲಿ ಕೊರೆದೆ. ಮೊನೆ ಹುಟ್ಟುವುದು ಎರಡು ಕೆಂಪು ಗೆರೆ ಕೂಡುವ ಕಡೆ, ಹಾಗಾಗಿ ನಾವು ಬರೆಯಬಲ್ಲ ಗೆರೆಗಿಂತ ಮೊನೆ ಸಣ್ಣ ಬರುತ್ತದೆ. ಕುಂಚ ತುಂಬಿಸಿ, ಟಿಶ್ಯೂಗೆ ಒಮ್ಮೆ ಒರೆಸಿ, ಹೆಬ್ಬೆರಳಿನ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡಿ, ಆಮೇಲೆ ಫಿಗರ್. ಎಳೆತ ಯಾವಾಗಲೂ ಅಂಗೈ ಕಡೆಗೆ, ನಾಲ್ಕೈದು ಮಿಲಿಮೀಟರ್‌ಗಿಂತ ಉದ್ದ ಬೇಡ. ತೆನಿಯ ಇನ್ನೊಂದು ಪಕ್ಕಕ್ಕೆ ಕೈ ತಿರುಗಿಸುವುದಲ್ಲ, ಬಾರ್ ತಿರುಗಿಸುವುದು. ಒಂದು ಸಾಲು ಮುಗಿಸಲು ಒಂದು ತಾಸಿನ ಮೇಲೆ ಹಿಡಿಯಿತು. ಕೆಂಪಿಗೆ ಇನ್ನೊಂದು ಸಾಮಾನು ಹನಿ ಹಾಕುತ್ತೇನೆ, ಅದರ ಹೆಸರು ಈಗ ಹೇಳುವುದಿಲ್ಲ.

ಹುರುಪಿನಲ್ಲಿ ಗುಳೇದಗುಡ್ಡದ ಖಣದ ಕುಪ್ಪಸವನ್ನೂ ಮಾಡಿದೆ. ಅಲ್ಲಿ ಗೆರೆ ಇಲ್ಲ, ಬರೀ ಚುಕ್ಕೆ. ಕುಂಚ ಬಿಟ್ಟು ಎಳೆದು ಚೂಪು ಮಾಡಿದ ಸ್ಪ್ರೂ (ಕಿಟ್ ಜೊತೆ ಬರುವ ಪ್ಲಾಸ್ಟಿಕ್ ಕಡ್ಡಿ) ತುದಿಯಿಂದ ಇಟ್ಟರೆ ಚುಕ್ಕೆಗಳು ಒಂದೇ ಗಾತ್ರಕ್ಕೆ ಬರುತ್ತವೆ. ಸೀರೆಯ ಮೈಮೇಲೆ ಕಸೂತಿಯ ಗವಂತಿ ಹೊಲಿಗೆ ಹಾಕಲು ನೋಡಿದೆ, ದೂರದಿಂದ ಕೊಳೆಯಂತೆ ಕಂಡಿತು, ಅಳಿಸಿಬಿಟ್ಟೆ. 75ಕ್ಕೆ ಅದು ಕೂರುವುದಿಲ್ಲ, 120ರ ಫಿಗರ್‌ಗೆ ನೋಡಬೇಕು.

ಟ್ಯಾಂಕ್ ಮಾಡು ಅಂದಿದ್ದ ಹಿರಿಯರು ಫಿಗರ್‌ನ್ನು ಕಿಟಕಿ ಹತ್ತಿರ ಒಯ್ದು, ತಮ್ಮ ಲೆನ್ಸ್ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಡೆಕಾಲ್ ಅಲ್ಲ ಹೌದಿಲ್ಲೋ?" ಅಂತ ಕೇಳಿದರು. ಡೆಕಾಲ್ ಅಂದರೆ ಅಂಟಿಸುವ ಅಚ್ಚು ಚಿತ್ರ. ಬ್ಲಾಕ್ ತೋರಿಸಿದೆ. ತಮಗೂ ಒಂದು ಮಾಡಿಕೊಡು ಅಂದಿದ್ದಾರೆ, ಎರಕದ ತುಂಡು ಆರಿಸಿ ಇಟ್ಟಿದ್ದೇನೆ.

ಈಗ ಕೈಯಲ್ಲಿರುವುದು 28 ಮಿಲಿಮೀಟರ್ ಫಿಗರ್‌ನ ಕಣ್ಣು. ಪಟ್ಟಿಯನ್ನು ಎರಡು ಸೆಂಟಿಮೀಟರ್‌ಗೆ ತಂದರೆ ಕುಂಚದ ಲೋಹದ ಕೊರಳು ಪಟ್ಟಿಗೆ ತಾಗುತ್ತದೆ. ಪಟ್ಟಿಯ ಮೂಲೆಯನ್ನು ಓರೆಯಾಗಿ ಉಜ್ಜಿ ನೋಡುತ್ತಿದ್ದೇನೆ, ಬಲಗಣ್ಣು ಸರಿ ಬರುತ್ತಿದೆ, ಎಡಗಣ್ಣಿಗೆ ಕೋನ ಇನ್ನೂ ಸಿಕ್ಕಿಲ್ಲ.