ಕಿವಿಗೊಟ್ಟು ಆಡಬೇಕಾದ ಗೇಮ್: ‘ಹೆಲ್‌ಬ್ಲೇಡ್’ ಖರೀದಿಯಿಂದ ಕೊನೆಯ ದೃಶ್ಯದವರೆಗೆ

ಹಾರರ್ ಗೇಮ್ ಎಂದರೆ ಕತ್ತಲ ಮೂಲೆಯಿಂದ ಏನೋ ಜಿಗಿದು ಬೆಚ್ಚಿಬೀಳಿಸುತ್ತದೆ ಎಂದುಕೊಂಡವರಿಗೆ ‘ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್’ ಬೇರೆಯದೇ ಅನುಭವ. ಇದರ ನಾಯಕಿ ಸೆನುವಾ ಸ್ಕಾಟ್ಲೆಂಡ್‌ನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ಪಿಕ್ಟ್ ಜನಾಂಗದ ಯೋಧೆ. ವೈಕಿಂಗರ ದಾಳಿಯಲ್ಲಿ ಅವಳ ಪ್ರಿಯಕರ ಡಿಲಿಯನ್ ಸತ್ತಿದ್ದಾನೆ. ಅವನ ತಲೆಯನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು, ಅವನ ಆತ್ಮವನ್ನು ಮರಳಿ ಕೇಳಲು ನಾರ್ಸ್ ಪುರಾಣದ ಪ್ರೇತಲೋಕವಾದ ಹೆಲ್‌ಹೈಮ್‌ಗೆ ಹೊರಟಿದ್ದಾಳೆ. ದಾರಿಯುದ್ದಕ್ಕೂ ಅವಳಿಗೆ ದನಿಗಳು ಕೇಳಿಸುತ್ತವೆ. ಹೀಯಾಳಿಸುವ, ಎಚ್ಚರಿಸುವ, ನಗುವ, ಬೇಡ ಹೋಗಬೇಡ ಎಂದು ಗೋಗರೆಯುವ ದನಿಗಳು. ಅವಳಿಗೆ ಸೈಕೋಸಿಸ್ ಇದೆ. ಅಂದರೆ ಇಲ್ಲದ್ದು ಕೇಳಿಸುವ, ಕಾಣಿಸುವ, ವಾಸ್ತವದ ಗೆರೆ ಅಳಿಸಿಹೋಗುವ ಮನಃಸ್ಥಿತಿ. ಆಡುವಷ್ಟು ಹೊತ್ತೂ ಅವಳಿಗೆ ಕೇಳಿಸಿದ್ದೇ ನಮಗೂ ಕೇಳಿಸುತ್ತದೆ.

ಹಾಗಾಗಿ ಈ ಗೇಮ್‌ಗೆ ಕಣ್ಣಿಗಿಂತ ಹೆಚ್ಚು ತಯಾರಾಗಬೇಕಾದ್ದು ಕಿವಿ. ಕೊಂಡು, ಡೌನ್‌ಲೋಡ್ ಮಾಡಿ, ಟಿವಿಯ ಸ್ಪೀಕರ್‌ನಲ್ಲಿ ಒಂದು ಗಂಟೆ ಆಡಿ, “ಇಷ್ಟೇನಾ?” ಎಂದು ಬಿಟ್ಟವರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ಸರಿಯಾಗಿ ಆಡುವುದು ಹೇಗೆಂದು ಹಂತಹಂತವಾಗಿ ನೋಡೋಣ.

ಹಂತ 1: ನಿಮಗಿದು ಸರಿಹೊಂದುತ್ತದೆಯೇ?

ಯುರೋಪಿನಲ್ಲಿ ಇದಕ್ಕೆ 18 ವರ್ಷ, ಅಮೆರಿಕದಲ್ಲಿ 17 ವರ್ಷ ದಾಟಿದವರಿಗೆ ಎಂಬ ವಯೋಮಿತಿ ಇದೆ. ಅದನ್ನು ಹಗುರವಾಗಿ ಕಾಣಬೇಡಿ. ಸುಟ್ಟ ದೇಹಗಳು, ತೂಗುಹಾಕಿದ ಹೆಣಗಳು, ಮಗಳನ್ನು ಹಿಂಸಿಸುವ ತಂದೆಯ ನೆನಪುಗಳು ಇಲ್ಲಿವೆ. ಪರದೆಯ ಮೇಲೆ ಬೆಳಕು ಜೋರಾಗಿ ಮಿನುಗುವ ದೃಶ್ಯಗಳಿರುವುದರಿಂದ ಅಪಸ್ಮಾರ ಇರುವವರು ದೂರವಿರುವುದು ಒಳ್ಳೆಯದು.

ಇನ್ನೊಂದು ಮಾತು ಮುಖ್ಯ. ಸ್ವತಃ ದನಿಗಳನ್ನು ಕೇಳಿಸಿಕೊಂಡ ಅನುಭವ ಇರುವವರು, ಮನೆಯಲ್ಲಿ ಅಂಥವರನ್ನು ನೋಡಿಕೊಳ್ಳುತ್ತಿರುವವರು ಒಬ್ಬರೇ ಕುಳಿತು ಆಡಬೇಡಿ. ಗೇಮ್ ಶುರುವಾಗುವಾಗಲೇ ಈ ಬಗ್ಗೆ ಎಚ್ಚರಿಕೆ ಬರುತ್ತದೆ. ಆ ಪರದೆಯನ್ನು ಓದದೆ ದಾಟಿಸಬೇಡಿ.

ಸೈಕೋಸಿಸ್ ಅನ್ನು ಇವರು ಮಸಾಲೆಯಾಗಿ ಬಳಸಿಕೊಂಡಿಲ್ಲ ಎನ್ನಲು ಕಾರಣವಿದೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿರುವ ನಿಂಜಾ ಥಿಯರಿ ಸ್ಟುಡಿಯೊ, ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮನೋವೈದ್ಯ ಪಾಲ್ ಫ್ಲೆಚರ್ ಅವರನ್ನು ಸಲಹೆಗಾರರಾಗಿ ಇಟ್ಟುಕೊಂಡಿತ್ತು. ಆರೋಗ್ಯ ಸಂಶೋಧನೆಗೆ ಹಣ ಕೊಡುವ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಇದಕ್ಕೆ ನೆರವು ಕೊಟ್ಟಿತು. ಸೈಕೋಸಿಸ್ ಅನುಭವಿಸಿದವರೇ ತಯಾರಿಯ ಹಂತದಲ್ಲಿ ಗೇಮ್ ನೋಡಿ ಹೀಗಲ್ಲ, ಹೀಗೆ ಎಂದು ತಿದ್ದಿದರು. ದನಿಗಳು ಎಲ್ಲಿಂದ ಬರುತ್ತವೆ, ಎಷ್ಟು ಹತ್ತಿರದಿಂದ ಬರುತ್ತವೆ ಎಂಬುದೂ ಅವರು ಹೇಳಿದ್ದರಿಂದಲೇ ರೂಪುಗೊಂಡಿತು. ಆರಂಭದಲ್ಲಿ ಹೆಸರುಗಳು ಮೂಡುವಾಗ ಮಾನಸಿಕ ಆರೋಗ್ಯ ಸಲಹೆಗಾರರ ಹೆಸರೂ ಕಾಣುತ್ತದೆ. ಎಷ್ಟು ಗೇಮ್‌ಗಳಲ್ಲಿ ಇದನ್ನು ನೋಡಿದ್ದೇವೆ?

ಹಂತ 2: ಎಲ್ಲಿ, ಹೇಗೆ ಕೊಳ್ಳುವುದು?

2017ರ ಆಗಸ್ಟ್ 8ರಂದು ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4) ಮತ್ತು ಪಿಸಿಗೆ ಇದು ಬಿಡುಗಡೆಯಾದಾಗ ಡಿಸ್ಕ್ ಇರಲೇ ಇಲ್ಲ, ಬರೀ ಡಿಜಿಟಲ್. ಅದು ಆಕಸ್ಮಿಕವೂ ಅಲ್ಲ. ದೊಡ್ಡ ಪ್ರಕಾಶಕರಿಗೆ ಗೇಮ್ ಮಾಡಿಕೊಡುತ್ತಿದ್ದ ಸ್ಟುಡಿಯೊ ಈ ಬಾರಿ ತನ್ನದೇ ಹಣದಲ್ಲಿ, ಸುಮಾರು 20 ಜನರ ತಂಡ ಕಟ್ಟಿಕೊಂಡು ಕೆಲಸಕ್ಕಿಳಿದಿತ್ತು. ಡಿಸ್ಕ್ ಒತ್ತಿಸಿ ಪೆಟ್ಟಿಗೆಗೆ ತುಂಬಿ ಅಂಗಡಿಗಳಿಗೆ ಹಂಚುವ ಖರ್ಚು ಉಳಿದದ್ದರಿಂದಲೇ, ದೊಡ್ಡ ಗೇಮ್‌ಗಳು 60 ಡಾಲರ್ ಇದ್ದ ಕಾಲದಲ್ಲಿ ಇದನ್ನು 30 ಡಾಲರ್‌ಗೆ ಕೊಡಲಾಯಿತು. ಹಾಕಿದ ದುಡ್ಡು ಮರಳಲು ಆರರಿಂದ ಒಂಬತ್ತು ತಿಂಗಳು ಬೇಕೆಂದುಕೊಂಡಿದ್ದರು; ಮೂರೇ ತಿಂಗಳಲ್ಲಿ 5 ಲಕ್ಷ ಪ್ರತಿ ಮಾರಾಟವಾಗಿ ಲಾಭಕ್ಕೆ ಬಂತು. ಆ ವರ್ಷದ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನದಂದು ಬಂದ ಆದಾಯವನ್ನು ರೀಥಿಂಕ್ ಮೆಂಟಲ್ ಇಲ್‌ನೆಸ್ ಎಂಬ ಬ್ರಿಟಿಷ್ ಸೇವಾಸಂಸ್ಥೆಗೆ ಕೊಟ್ಟರು. ಎಕ್ಸ್‌ಬಾಕ್ಸ್ ಒನ್‌ಗೆ 2018ರ ಏಪ್ರಿಲ್‌ನಲ್ಲಿ, ನಿಂಟೆಂಡೊ ಸ್ವಿಚ್‌ಗೆ 2019ರ ಏಪ್ರಿಲ್‌ನಲ್ಲಿ ಬಂತು.

ಪಿಸಿಯವರಿಗೆ ಎರಡು ಮುಖ್ಯ ದಾರಿಗಳಿವೆ: ಸ್ಟೀಮ್ ಮತ್ತು ಜಿಒಜಿ ಎಂಬ ಆನ್‌ಲೈನ್ ಗೇಮ್ ಅಂಗಡಿಗಳು. ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲೇ ಕಾಣುತ್ತದೆ, ಯುಪಿಐ ಮೂಲಕ ಹಣ ಕಟ್ಟಬಹುದು. ಹಳೆಯ ಗೇಮ್ ಆದ್ದರಿಂದ ಬೇಸಿಗೆ ಮತ್ತು ಡಿಸೆಂಬರ್‌ನ ದೊಡ್ಡ ರಿಯಾಯಿತಿ ಮಾರಾಟಗಳವರೆಗೆ ಕಾದರೆ ಬೆಲೆ ಚೆನ್ನಾಗಿ ಇಳಿಯುತ್ತದೆ. ಕೊಳ್ಳುವಾಗ ಹೆಸರನ್ನು ಪೂರ್ತಿ ಓದಿ. ಕಣ್ಣಿಗೆ ವಿಆರ್ ಹೆಡ್‌ಸೆಟ್ ಕಟ್ಟಿಕೊಂಡು ಆಡುವ ಆವೃತ್ತಿಯ ಪುಟ ಬೇರೆ, ಎರಡನೇ ಭಾಗದ ಪುಟ ಬೇರೆ.

ಡಿಜಿಟಲ್ ಖರೀದಿಯಲ್ಲಿ ನಮ್ಮ ಕೈಗೆ ಸಿಗುವುದು ಆಡುವ ಪರವಾನಗಿ ಎಂಬುದು ನೆನಪಿರಲಿ. ಸ್ಟೀಮ್‌ನಲ್ಲಿ ಅದು ನಿಮ್ಮ ಖಾತೆಗೆ ಅಂಟಿಕೊಂಡಿರುತ್ತದೆ. ಖಾತೆ ಹೋದರೆ ಗೇಮೂ ಹೋಯಿತು. ಹಾಗಾಗಿ ಎರಡು ಹಂತದ ಲಾಗಿನ್ ಭದ್ರತೆಯನ್ನು ಇವತ್ತೇ ಹಾಕಿಕೊಳ್ಳಿ. ಜಿಒಜಿಯಲ್ಲಾದರೆ ಇನ್‌ಸ್ಟಾಲ್ ಮಾಡುವ ಫೈಲನ್ನೇ ಇಳಿಸಿಕೊಂಡು ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು, ಮುಂದೆ ಇಂಟರ್‌ನೆಟ್ ಇಲ್ಲದೆಯೂ ಹಾಕಿಕೊಳ್ಳಬಹುದು. ಹತ್ತು ವರ್ಷದ ನಂತರವೂ ಆಡಬೇಕು ಅನ್ನಿಸುವ ಗೇಮ್‌ಗೆ ನಾನು ಈ ದಾರಿಯನ್ನೇ ಮೆಚ್ಚುತ್ತೇನೆ.

ಹಂತ 3: ಕಂಪ್ಯೂಟರ್ ತಡೆಯುತ್ತದೆಯೇ?

ಕನಿಷ್ಠ ಬೇಕಾದ್ದು 64 ಬಿಟ್ ವಿಂಡೋಸ್, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 770 ಮಟ್ಟದ ಗ್ರಾಫಿಕ್ಸ್ ಕಾರ್ಡ್, ಸುಮಾರು 30 ಜಿಬಿ ಖಾಲಿ ಜಾಗ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಪ್ರಯತ್ನಿಸಿ ಬೇಸರ ಮಾಡಿಕೊಳ್ಳಬೇಡಿ. ಅನುಮಾನವಿದ್ದರೆ ಸ್ಟೀಮ್‌ನಲ್ಲಿ ಕೊಂಡು ಕೂಡಲೇ ಓಡಿಸಿ ನೋಡಿ. 14 ದಿನದೊಳಗೆ, ಆಡಿದ ಹೊತ್ತು 2 ಗಂಟೆ ದಾಟುವ ಮೊದಲು ಕೇಳಿದರೆ ಹಣ ವಾಪಸು ಸಿಗುತ್ತದೆ.

ಹಂತ 4: ಕಿವಿಯನ್ನು ಸಿದ್ಧ ಮಾಡಿ

ಇಡೀ ಲೇಖನದಲ್ಲಿ ಒಂದೇ ಹಂತ ಪಾಲಿಸುವಿರಾದರೆ ಇದನ್ನು ಪಾಲಿಸಿ.

ಸೆನುವಾಳ ದನಿಗಳನ್ನು ಬೈನಾರಲ್ ವಿಧಾನದಲ್ಲಿ ಮುದ್ರಿಸಲಾಗಿದೆ. ಮನುಷ್ಯನ ತಲೆಯಂಥದೇ ಗೊಂಬೆತಲೆ, ಅದರ ಎರಡು ಕಿವಿಗಳೊಳಗೆ ಎರಡು ಮೈಕ್. ನಟಿಯರು ಅದರ ಸುತ್ತ ಓಡಾಡುತ್ತಾ, ಬಾಗುತ್ತಾ, ಒಮ್ಮೆ ಎಡಗಿವಿಯ ಹತ್ತಿರ, ಮರುಕ್ಷಣ ಬೆನ್ನ ಹಿಂದೆ ನಿಂತು ಪಿಸುಗುಟ್ಟಿದ್ದಾರೆ. ಎಡಗಡೆಯ ಸದ್ದು ಬಲಗಿವಿಗೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ತಡವಾಗಿ, ತುಸು ಮಂಕಾಗಿ ತಲುಪುತ್ತದೆ. ಅಷ್ಟು ಸಣ್ಣ ವ್ಯತ್ಯಾಸದಿಂದಲೇ ಮಿದುಳು ಸದ್ದು ಬಂದ ದಿಕ್ಕನ್ನು ಕಂಡುಹಿಡಿಯುತ್ತದೆ. ಹೆಡ್‌ಫೋನ್‌ನಲ್ಲಿ ಆ ವ್ಯತ್ಯಾಸ ಹಾಗೇ ಉಳಿಯುತ್ತದೆ. ಸ್ಪೀಕರ್‌ನಲ್ಲಿ ಎರಡೂ ಕಡೆಯ ಸದ್ದು ಎರಡೂ ಕಿವಿಗೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ಕುತ್ತಿಗೆಯ ಹಿಂದೆ ಯಾರೋ ಉಸಿರಾಡಿದಂತಾಗಿ ತಿರುಗಿ ನೋಡುವಂತೆ ಮಾಡುವ ಗೇಮ್, ಸ್ಪೀಕರ್‌ನಲ್ಲಿ ಬರೀ ಗದ್ದಲವಾಗಿಬಿಡುತ್ತದೆ.

ದುಬಾರಿ ಹೆಡ್‌ಫೋನ್ ಬೇಕಿಲ್ಲ. ಫೋನ್ ಜೊತೆ ಬಂದ ವೈರ್ ಇಯರ್‌ಫೋನ್ ಸಾಕು. ಆದರೆ ನಾಲ್ಕು ವಿಷಯ ಪರೀಕ್ಷಿಸಿಕೊಳ್ಳಿ. ಎಲ್ ಮತ್ತು ಆರ್ ಗುರುತು ನೋಡಿ ಸರಿಯಾದ ಕಿವಿಗೇ ಹಾಕಿ. ಎರಡೂ ಕಿವಿಗೆ ಒಂದೇ ಸದ್ದು ಕೊಡುವ ಮೊನೊ ಆಡಿಯೊ ವಿಂಡೋಸ್‌ನಲ್ಲಿ ಆನ್ ಆಗಿದ್ದರೆ ಆಫ್ ಮಾಡಿ. ಹೆಡ್‌ಸೆಟ್‌ನ 7.1 ಅಥವಾ ವರ್ಚುವಲ್ ಸರೌಂಡ್ ಸೌಲಭ್ಯವನ್ನು ಕಡ್ಡಾಯವಾಗಿ ನಿಲ್ಲಿಸಿ. ಮೊದಲೇ ದಿಕ್ಕು ತುಂಬಿದ ಸದ್ದಿಗೆ ಅದು ಮತ್ತೊಮ್ಮೆ ದಿಕ್ಕು ತುಂಬಲು ಹೋಗಿ ಎರಡನ್ನೂ ಕೆಡಿಸುತ್ತದೆ. ಬ್ಲೂಟೂತ್ ಆದರೆ ಸದ್ದು ತುಸು ತಡವಾಗಿ ಬರುತ್ತದೆ, ಹೊಡೆದಾಟದಲ್ಲಿ ಅದು ಕಾಡುತ್ತದೆ.

ದನಿಯ ಮಟ್ಟವನ್ನು ಪಿಸುಮಾತು ಸ್ಪಷ್ಟವಾಗಿ ಕೇಳುವಷ್ಟೇ ಇಡಿ. ಮುಂದೆ ಜೋರಾದ ಸದ್ದುಗಳು ಬರುತ್ತವೆ, ಕಿವಿ ಜೋಪಾನ.

ಹಂತ 5: ಸೆಟ್ಟಿಂಗ್‌ನಲ್ಲಿ ಮೂರು ಮಾತು

ಹೊಡೆದಾಟದ ಕಷ್ಟದ ಮಟ್ಟವನ್ನು ‘ಆಟೊ’ದಲ್ಲೇ ಬಿಡಿ, ನೀವು ಆಡುವ ರೀತಿಗೆ ಅದು ತಾನೇ ಹೊಂದಿಕೊಳ್ಳುತ್ತದೆ. ಕತೆಗಾಗಿ ಬಂದವರು ‘ಈಸಿ’ ಆರಿಸಿದರೂ ಏನೂ ಕಳೆದುಕೊಳ್ಳುವುದಿಲ್ಲ. ಕನ್ನಡ ಸಬ್‌ಟೈಟಲ್ ಇಲ್ಲ. ಮಾತೆಲ್ಲ ಇಂಗ್ಲಿಷ್. ಆದ್ದರಿಂದ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಮೂರ್ನಾಲ್ಕು ದನಿ ಒಟ್ಟಿಗೇ ಮಾತಾಡುವಾಗ ಎಲ್ಲವನ್ನೂ ಹಿಡಿಯಲು ಒದ್ದಾಡಬೇಡಿ. ಸೆನುವಾಳಿಗೂ ಎಲ್ಲವೂ ಅರ್ಥವಾಗುತ್ತಿಲ್ಲ. ಕಂಟ್ರೋಲರ್ ಇದ್ದರೆ ಬಳಸಿ, ಅದರ ಕಂಪನಕ್ಕೂ ಇಲ್ಲಿ ಕೆಲಸವಿದೆ.

ಹಂತ 6: ಆಡುವುದು

ಪರದೆಯ ಮೇಲೆ ಪ್ರಾಣಶಕ್ತಿಯ ಪಟ್ಟಿ ಇಲ್ಲ, ನಕ್ಷೆ ಇಲ್ಲ, ಯಾವ ಬಟನ್ ಒತ್ತಬೇಕೆಂದು ಹೇಳುವ ಪಾಠವೂ ಇಲ್ಲ. ಗುಂಡಿಗಳ ವಿವರ ಮೆನುವಿನಲ್ಲಿದೆ, ಮೊದಲ ಹೊಡೆದಾಟಕ್ಕೆ ಮುಂಚೆ ಒಮ್ಮೆ ನೋಡಿಕೊಳ್ಳಿ.

ಮಾಡಬೇಕಾದ್ದು ಮುಖ್ಯವಾಗಿ ಎರಡು ಬಗೆಯ ಕೆಲಸ. ಮುಚ್ಚಿದ ಬಾಗಿಲಿನ ಮೇಲೆ ವೈಕಿಂಗರ ಕಾಲದ ರೂನ್ ಲಿಪಿಯ ಆಕಾರವೊಂದು ಹೊಳೆಯುತ್ತದೆ. ಸುತ್ತಲಿನ ಮರ, ತೊಲೆ, ನೆರಳುಗಳಲ್ಲಿ ಅದೇ ಆಕಾರ ಕೂಡಿಬರುವ ಜಾಗದಲ್ಲಿ ನಿಂತು ದಿಟ್ಟಿಸಬೇಕು. ಸಿಗದಿದ್ದರೆ ಮುಂದೆ ಓಡಬೇಡಿ, ನಿಧಾನವಾಗಿ ಕೋನ ಬದಲಿಸಿ. ಎಲ್ಲದರಲ್ಲೂ ಗುರುತು, ಸೂಚನೆ ಕಾಣುವ ಮನಸ್ಸು ಹೇಗಿರುತ್ತದೆಂಬುದನ್ನು ಈ ಒಗಟುಗಳು ಮಾತಿಲ್ಲದೆ ತಿಳಿಸುತ್ತವೆ. ಕೆಲವರಿಗೆ ಇವು ಒಂದೇ ಥರ ಅನ್ನಿಸುತ್ತವೆ, ಮಧ್ಯಭಾಗದಲ್ಲಿ ಆ ದೂರು ನಿಜವೂ ಹೌದು.

ಎರಡನೆಯದು ಹೊಡೆದಾಟ. ಇಲ್ಲಿ ದನಿಗಳೇ ನಿಮ್ಮ ಬೆನ್ನ ಕಣ್ಣು. ಹಿಂದಿನಿಂದ ಯಾರಾದರೂ ಕೊಡಲಿ ಎತ್ತಿದರೆ “ಹಿಂದೆ!” ಎಂದು ಚೀರುತ್ತವೆ. ಆಗ ಯೋಚಿಸದೆ ಪಕ್ಕಕ್ಕೆ ಸರಿಯಿರಿ. ಅವಳನ್ನು ಇಷ್ಟು ಹೊತ್ತು ಹಿಂಸಿಸಿದ ದನಿಗಳೇ ಅವಳ ಜೀವ ಉಳಿಸುತ್ತವೆ ಎಂಬುದು ಹೊಳೆದ ಕ್ಷಣದಲ್ಲಿ, ಈ ಗೇಮ್ ಮಾಡಿದವರು ಎಷ್ಟು ಶ್ರದ್ಧೆಯಿಂದ ಅನುಭವಸ್ಥರ ಮಾತು ಕೇಳಿದ್ದಾರೆಂದು ಗೊತ್ತಾಗುತ್ತದೆ. ಸೊಂಟದ ಕನ್ನಡಿ ಹೊಳೆದಾಗ ಅದನ್ನು ಬಳಸಿದರೆ ಸುತ್ತಲಿನವರು ನಿಧಾನವಾಗುತ್ತಾರೆ.

ಆರಂಭದಲ್ಲಿ ಎರಡು ದಾರಿ ತೆರೆಯುತ್ತವೆ: ಭ್ರಮೆಯ ದೈವ ವಾಲ್ರಾವ್ನ್‌ನದು ಒಂದು, ಬೆಂಕಿಯ ದೈತ್ಯ ಸುರ್ತ್‌ನದು ಇನ್ನೊಂದು. ಯಾವುದನ್ನು ಬೇಕಾದರೂ ಮೊದಲು ಆಡಬಹುದು. ಮುಂದೊಂದು ಪರೀಕ್ಷೆಯಲ್ಲಿ ಕಣ್ಣಿಗೆ ಏನೂ ಕಾಣದ ಕತ್ತಲಲ್ಲಿ ಬರೀ ಸದ್ದು ಮತ್ತು ಕಂಪನ ನಂಬಿ ನಡೆಯಬೇಕು. ನಾಲ್ಕನೇ ಹಂತದಲ್ಲಿ ಹೆಡ್‌ಫೋನ್ ಬಗ್ಗೆ ಅಷ್ಟೊಂದು ಹೇಳಿದ್ದು ಯಾಕೆಂದು ಅಲ್ಲಿ ಅರಿವಾಗುತ್ತದೆ.

ಸೋತಾಗ ಪರದೆಯ ಮೇಲೆ ಒಂದು ಎಚ್ಚರಿಕೆ ಮೂಡುತ್ತದೆ. ಪ್ರತಿ ಸೋಲಿಗೂ ಅವಳ ಕೈಯ ಕಪ್ಪು ಕೊಳೆತ ಮೇಲೇರುತ್ತದೆ, ತಲೆ ಮುಟ್ಟಿದರೆ ಇಲ್ಲಿಯವರೆಗಿನ ಪ್ರಯಾಣವೆಲ್ಲ ವ್ಯರ್ಥ ಎಂದು. ಇದರ ಬಗ್ಗೆ ಇಂಟರ್‌ನೆಟ್‌ನಲ್ಲಿ ಹುಡುಕಬೇಡಿ ಎಂಬುದೊಂದೇ ನನ್ನ ಕೋರಿಕೆ. ಹೆದರಿ ಬಿಟ್ಟುಬಿಡಬೇಡಿ, ಆಡಿ.

ದಾರಿಯಲ್ಲಿ ಕೆತ್ತನೆಯಿರುವ ಕಲ್ಲುಗಳು ಸಿಗುತ್ತವೆ, ಒಟ್ಟು 44. ದಿಟ್ಟಿಸಿದರೆ ಡ್ರೂತ್ ಎಂಬ ಗೆಳೆಯನ ದನಿಯಲ್ಲಿ ನಾರ್ಸ್ ಪುರಾಣದ ಕತೆಗಳು ಕೇಳುತ್ತವೆ. ಎಲ್ಲವನ್ನೂ ಕೇಳಿದವರಿಗೆ ಕೊನೆಯಲ್ಲಿ ಹೆಚ್ಚಿನ ದೃಶ್ಯವೊಂದಿದೆ. ಕೆಲವು ಬಾಗಿಲು ದಾಟಿದ ಮೇಲೆ ಹಿಂದಿರುಗಲಾಗದು, ಅದಕ್ಕೇ ಮೊದಲಿನಿಂದಲೇ ಗಮನವಿರಲಿ.

ಹಂತ 7: ಎಷ್ಟು ಹೊತ್ತು, ಯಾವಾಗ ನಿಲ್ಲಿಸುವುದು?

ಪೂರ್ತಿ ಗೇಮ್ ಏಳೆಂಟು ಗಂಟೆ. ಒಂದೇ ರಾತ್ರಿಯಲ್ಲಿ ಮುಗಿಸುವ ಹಟ ಬೇಡ. ಒಂದೂವರೆ, ಎರಡು ಗಂಟೆ ಆಡಿ ಎದ್ದುಬಿಡಿ. ಗೇಮ್ ತಾನೇ ಸೇವ್ ಮಾಡಿಕೊಳ್ಳುತ್ತದೆ, ಬೇಕೆಂದಲ್ಲಿ ನಾವು ಸೇವ್ ಮಾಡಲಾಗದು. ಸೇವ್ ಆದ ಗುರುತು ಕಂಡ ಮೇಲೆ ನಿಲ್ಲಿಸಿದರೆ ಸರಿ. ಹೆಡ್‌ಫೋನ್ ತೆಗೆದ ಮೇಲೂ ಮನಸ್ಸು ಭಾರವೆನಿಸಿದರೆ ಮನೆಯವರೊಂದಿಗೆ ಸ್ವಲ್ಪ ಮಾತಾಡಿ, ತಕ್ಷಣ ಮಲಗಬೇಡಿ.

ಗೇಮ್ ಇರಲಿ ಬಿಡಲಿ, ನಿಮಗೋ ಹತ್ತಿರದವರಿಗೋ ಯಾರೂ ಇಲ್ಲದಾಗ ದನಿ ಕೇಳಿಸುತ್ತಿದ್ದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಸೇವೆಯ ರಾಷ್ಟ್ರಮಟ್ಟದ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.

ಹಂತ 8: ಮುಗಿಸಿದ ಮೇಲೆ

ಮುಖ್ಯ ಮೆನುವಿನಲ್ಲೇ ಒಂದು ಸಾಕ್ಷ್ಯಚಿತ್ರವಿದೆ. ಕತೆಯ ಗುಟ್ಟುಗಳೆಲ್ಲ ಅದರಲ್ಲಿರುವುದರಿಂದ ಮೊದಲೇ ನೋಡಬೇಡಿ. ಫ್ಲೆಚರ್ ಅವರ ಮಾತು, ಸೈಕೋಸಿಸ್ ಅನುಭವಿಸಿದವರ ಮಾತು ಎರಡೂ ಅಲ್ಲಿವೆ. ಸೆನುವಾ ಪಾತ್ರ ಮಾಡಿದ ಮೆಲಿನಾ ಯೂರ್ಗೆನ್ಸ್ ಆ ಸ್ಟುಡಿಯೊದಲ್ಲಿ ವಿಡಿಯೊ ಎಡಿಟರ್ ಆಗಿದ್ದವರು. ಪರೀಕ್ಷೆಗೆಂದು ಕ್ಯಾಮೆರಾ ಮುಂದೆ ನಿಂತವರು ಪಾತ್ರವನ್ನೇ ಪಡೆದು, 2018ರಲ್ಲಿ ನಟನೆಗೆ ಬ್ರಿಟನ್ನಿನ ಪ್ರತಿಷ್ಠಿತ ಬಾಫ್ಟಾ ಪ್ರಶಸ್ತಿ ಗೆದ್ದರು. ಆ ಸಂಜೆ ಗೇಮ್‌ಗೆ ಒಟ್ಟು ಐದು ಬಾಫ್ಟಾ ಬಂದವು, ಧ್ವನಿಗೆ ಬಂದದ್ದೂ ಅವುಗಳಲ್ಲೊಂದು.

ಎರಡನೇ ಭಾಗ ‘ಸೆನುವಾಸ್ ಸಾಗಾ: ಹೆಲ್‌ಬ್ಲೇಡ್ 2’ 2024ರ ಮೇ 21ರಂದು ಬಂತು. ಅಷ್ಟರಲ್ಲಿ ಸ್ಟುಡಿಯೊ ಮೈಕ್ರೋಸಾಫ್ಟ್ ಪಾಲಾಗಿತ್ತು, ಕತೆ ಐಸ್‌ಲ್ಯಾಂಡ್‌ಗೆ ಸಾಗಿತ್ತು, ಬಿಡುಗಡೆ ಮಾತ್ರ ಮತ್ತೆ ಡಿಜಿಟಲ್ ರೂಪದಲ್ಲೇ. ಅದಕ್ಕೆ ಬಹಳ ಶಕ್ತಿಯುತ ಕಂಪ್ಯೂಟರ್ ಮತ್ತು ಸುಮಾರು 70 ಜಿಬಿ ಜಾಗ ಬೇಕು. ಮೊದಲ ಭಾಗ ಮುಗಿಸದೆ ಅದಕ್ಕೆ ಕೈಹಾಕಬೇಡಿ. ಇಯರ್‌ಫೋನ್ ಮಾತ್ರ ಅದೇ ಸಾಕು.