ರಕ್ತದ ವರದಿ ಬಾರದೆ ಬೀಮ್ ಇಲ್ಲ

ಬೆಂಗಳೂರಿನಲ್ಲಿ ಲಿನಾಕ್ ಯಂತ್ರದ (ಕ್ಯಾನ್ಸರ್ ಗಡ್ಡೆಗೆ ಹೊರಗಿನಿಂದ ವಿಕಿರಣ ಹಾಯಿಸುವ ಯಂತ್ರ) ಮುಂದೆ ಕೆಲಸ ಕಲಿತ ಮೆಡಿಕಲ್ ಫಿಸಿಸಿಸ್ಟ್ ನಾನು, ರೋಗಿಗೆ ಕೊಡುವ ವಿಕಿರಣದ ಲೆಕ್ಕ ಹಾಕುವವನು. ಅಲ್ಲಿ ಡೋಸ್ ಎಂದರೆ ಯಂತ್ರ ಕೊಡುವ ಅಳತೆ. ಜಪಾನಿನಲ್ಲಿ ಬೋರಾನ್-ನ್ಯೂಟ್ರಾನ್ ಚಿಕಿತ್ಸೆಯ (ಗಡ್ಡೆಯೊಳಗೆ ಬೋರಾನ್ ಸೇರಿಸಿ ಅದರ ಮೇಲೆ ನ್ಯೂಟ್ರಾನ್ ಹಾಯಿಸುವ ಕ್ಯಾನ್ಸರ್ ಚಿಕಿತ್ಸೆ) ವಿಭಾಗ ಸೇರಿದ ಮೇಲೆ ಲೆಕ್ಕ ಹಾಕುವ ಬಗೆಯೇ ಬೇರೆಯಾಯಿತು. ಇಲ್ಲಿ ಗಡ್ಡೆಗೆ ಸಿಗುವ ಡೋಸಿನ ಬಹುಪಾಲು ಹುಟ್ಟುವುದು ಕೋಶದೊಳಗೆ.

ಬೋರಾನ್-10 ನಿಧಾನಗತಿಯ ನ್ಯೂಟ್ರಾನನ್ನು ಹಿಡಿದ ಕೂಡಲೇ ಒಡೆದು, ಒಂದು ಆಲ್ಫಾ ಕಣವೂ ಒಂದು ಲಿಥಿಯಂ-7 ಕಣವೂ ಸಿಡಿಯುತ್ತವೆ. ಆಲ್ಫಾ ಸುಮಾರು 9 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಲಿಥಿಯಂ ಸುಮಾರು 5 ಮೈಕ್ರಾನ್ ಸಾಗಿ ನಿಲ್ಲುತ್ತವೆ. ಹೆಚ್ಚುಕಡಿಮೆ ಒಂದು ಕೋಶದಷ್ಟೇ ದೂರ. ಪಕ್ಕದ ಕೋಶದಲ್ಲಿ ಬೋರಾನ್ ಕಡಿಮೆ ಇದ್ದರೆ ಅದಕ್ಕೆ ತಗಲುವ ಪೆಟ್ಟೂ ಕಡಿಮೆ. ಅಮೆರಿಕದ ಭೌತವಿಜ್ಞಾನಿ ಗಾರ್ಡನ್ ಲೋಚರ್ 1936ರಲ್ಲೇ ಇದನ್ನು ಸೂಚಿಸಿದ್ದರು. ಆದರೆ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ 1951ರಿಂದ ನಡೆದ ಮೊದಲ ಪ್ರಯೋಗಗಳಲ್ಲಿ ಬೋರಾನ್ ಗಡ್ಡೆಯಲ್ಲಿ ಸಾಕಷ್ಟು ಸೇರದೆ ರಕ್ತದಲ್ಲೇ ಹೆಚ್ಚು ಉಳಿಯಿತು, ಫಲ ಸಿಗಲಿಲ್ಲ. ಆ ಪಾಠವನ್ನು ನಾನು ದಿನವೂ ನೆನೆಯುತ್ತೇನೆ.

ನಾವು ಬಳಸುವ ಔಷಧ ಬಿಪಿಎ. ಫೀನೈಲ್‌ಅಲನಿನ್ ಎಂಬ ಅಮೈನೋ ಆಮ್ಲಕ್ಕೆ ಬೋರಾನ್ ಜೋಡಿಸಿದ್ದು. ವೇಗವಾಗಿ ಬೆಳೆಯುವ ಕ್ಯಾನ್ಸರ್ ಕೋಶ ಅದನ್ನು ಆಹಾರವೆಂದೇ ಒಳಗೆಳೆದುಕೊಳ್ಳುತ್ತದೆ. ಶಸ್ತ್ರಚಿಕಿತ್ಸೆ ಸಾಧ್ಯವಾಗದ, ಅಥವಾ ಮರುಕಳಿಸಿದ ತಲೆ-ಕತ್ತಿನ ಕ್ಯಾನ್ಸರಿಗೆ ಜಪಾನ್ 2020ರಲ್ಲಿ ಈ ಚಿಕಿತ್ಸೆಗೆ ಅನುಮತಿ ಕೊಟ್ಟಿತು.

ಚಿಕಿತ್ಸೆಯ ಹಿಂದಿನ ದಿನವೇ ರೋಗಿಯನ್ನು ಕೂರಿಸಿ ನೋಡುತ್ತೇನೆ. ನನ್ನ ಮಟ್ಟಿಗೆ ಅತಿ ಕಷ್ಟದ ಕೆಲಸ ಇದೇ. ಬೀಮ್, ಅಂದರೆ ನ್ಯೂಟ್ರಾನ್‌ಗಳ ಧಾರೆ, ಒಂದೇ ದಿಕ್ಕಿನಲ್ಲಿ ಬರುತ್ತದೆ, ತಿರುಗಬೇಕಾದ್ದು ರೋಗಿ. ಹಿಂದಿನ ಆಪರೇಷನ್, ರೇಡಿಯೇಷನ್‌ಗಳಿಂದ ಬಿಗಿದ ಕತ್ತನ್ನು ಬೀಮ್ ಹೊರಬರುವ ಕಿಂಡಿಯ ಹತ್ತಿರಕ್ಕೆ ತಂದು, ಒಂದು ಗಂಟೆಯವರೆಗೂ ಅಲುಗದೆ ಇರಬಲ್ಲ ಭಂಗಿ ಹುಡುಕಬೇಕು. ದಿಂಬು ಅರ್ಧ ಇಂಚು ಸರಿಸಿದರೂ ನೋವು ಇಳಿಯುವುದುಂಟು. ಅವಸರ ಮಾಡುವುದಿಲ್ಲ. ಗಡ್ಡೆ ತೀರ ಆಳದಲ್ಲಿದ್ದರೆ ಈ ಚಿಕಿತ್ಸೆ ಹೊಂದುವುದಿಲ್ಲ. ಆರೇಳು ಸೆಂಟಿಮೀಟರ್ ದಾಟುವಷ್ಟರಲ್ಲಿ ನ್ಯೂಟ್ರಾನ್‌ಗಳು ತೆಳುವಾಗುತ್ತವೆ.

ಮರುದಿನ ಎರಡು ಗಂಟೆ ಡ್ರಿಪ್. ಗಂಟೆಗೆ, ದೇಹತೂಕದ ಕಿಲೋಗೆ 200 ಮಿಲಿಗ್ರಾಂ ಬಿಪಿಎ. ಆಮೇಲೆ ರಕ್ತ ತೆಗೆದು ಬೋರಾನ್ ಅಳೆಯುತ್ತಾರೆ. ಆ ಅಂಕಿಗಾಗಿ ನಾನು ಕಾಯುತ್ತೇನೆ. ಬಾಯೊಳಗಿನ ಲೋಳೆಪೊರೆ ತಡೆಯುವ ಮಿತಿ 12 ಗ್ರೇ-ಇಕ್ವಿವಲೆಂಟ್ (ಬೇರೆ ಬೇರೆ ಕಣಗಳ ಪೆಟ್ಟನ್ನು ಒಂದೇ ಅಳತೆಗೆ ತಂದ ಡೋಸಿನ ಮಾನ), ಅದರ ಮೇಲೆಯೇ ಬೀಮ್ ಎಷ್ಟು ನಿಮಿಷ ಎಂದು ಕಟ್ಟುತ್ತೇವೆ. ರಕ್ತದಲ್ಲಿ ಬೋರಾನ್ ಹೆಚ್ಚಿದ್ದರೆ ನಿಮಿಷ ಕಡಿಮೆ ಮಾಡುತ್ತೇನೆ, ಕಡಿಮೆ ಇದ್ದರೆ ಹೆಚ್ಚಿಸುತ್ತೇನೆ. ಬೀಮ್ ನಡೆಯುವಾಗಲೂ ಡ್ರಿಪ್ ಅರ್ಧ ವೇಗದಲ್ಲಿ ಇಳಿಯುತ್ತಲೇ ಇರುತ್ತದೆ.

ಬಹುತೇಕ ರೋಗಿಗಳಿಗೆ ಒಂದೇ ಸಲದ ಚಿಕಿತ್ಸೆ, ನಾಳೆ ಸರಿಪಡಿಸೋಣ ಎನ್ನಲು ಅವಕಾಶವಿಲ್ಲ. ಬೀಮ್ ನಿಂತ ಮೇಲೆ ಇನ್ನೊಮ್ಮೆ ರಕ್ತ ತೆಗೆಸಿ, ಎರಡೂ ಅಂಕಿ ಸೇರಿಸಿ ಗಡ್ಡೆಗೆ, ಲೋಳೆಪೊರೆಗೆ, ಚರ್ಮಕ್ಕೆ ಎಷ್ಟೆಷ್ಟು ಸಿಕ್ಕಿತೆಂದು ಮತ್ತೆ ಲೆಕ್ಕ ಹಾಕಿ ವೈದ್ಯರಿಗೆ ಕೊಡುತ್ತೇನೆ.