ಅಮೆರಿಕದಲ್ಲೂ ಮುಯ್ಯಾಳು

ಮಂಡ್ಯ, ಮೈಸೂರು ಕಡೆಯಿಂದ ಅಮೆರಿಕಕ್ಕೆ ಹೊರಟಿರುವ ತಮ್ಮ ತಂಗಿಯರೇ,

ರಜೆಗೆ ಊರಿಗೆ ಬಂದಿದ್ದೇನೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟಿದ್ದಾರೆ, ನಾಟಿ ಜೋರಾಗಿ ನಡೆದಿದೆ. ಇವತ್ತು ಇವರ ಗದ್ದೆಗೆ ಅವರು ಬರುತ್ತಾರೆ, ನಾಳೆ ಅವರ ಗದ್ದೆಗೆ ಇವರು ಹೋಗುತ್ತಾರೆ. ಕೂಲಿಯ ಮಾತಿಲ್ಲ, ಮುಯ್ಯಾಳು. ಅಮೆರಿಕದ ಸಹೋದರ ಸಂಘಗಳು, ಅಂದರೆ ಚಂದಾ ಹಾಕಿಕೊಂಡು ಕಷ್ಟಕ್ಕೆ ಒಬ್ಬರಿಗೊಬ್ಬರು ಆಗೋ ಸಂಘಗಳು, ಅರ್ಥವಾಗಲು ಇಷ್ಟು ಗೊತ್ತಿದ್ದರೆ ಸಾಕು.

ಹಳೇ ಊರುಗಳಲ್ಲಿ 'ಆಡ್ ಫೆಲೋಸ್ ಲಾಡ್ಜ್', 'ಎಲ್ಕ್ಸ್ ಲಾಡ್ಜ್' ಅನ್ನೋ ಬೋರ್ಡು ಕಾಣಿಸುತ್ತದೆ. ರೂಮು ಕೇಳಿಕೊಂಡು ಹೋಗಬೇಡಿ, ಅದು ಸಂಘದ ಶಾಖೆ. ಆಡ್ ಫೆಲೋಸ್ ಅಮೆರಿಕದಲ್ಲಿ ನೆಲೆಯೂರಿದ್ದು 1819ರಲ್ಲಿ, ಬಾಲ್ಟಿಮೋರ್‌ನಲ್ಲಿ. ಕಟ್ಟಿದ ಥಾಮಸ್ ವೈಲ್ಡಿ ಕೂಡ ಇಂಗ್ಲೆಂಡಿನಿಂದ ಬಂದ ಹೊಸಬ. ಕಾಯಿಲೆ ಬಿದ್ದವರನ್ನು ಹೋಗಿ ನೋಡಬೇಕು, ಕಷ್ಟದಲ್ಲಿ ಇರೋರಿಗೆ ಆಗಬೇಕು, ಸತ್ತವರನ್ನು ಮಣ್ಣು ಮಾಡಬೇಕು, ಅನಾಥ ಮಕ್ಕಳನ್ನು ಓದಿಸಬೇಕು. ಇವು ಅವರ ಕಟ್ಟಳೆ. 1882ರಲ್ಲಿ ನ್ಯೂ ಹೇವನ್‌ನ ಪಾದ್ರಿ ಮೈಕಲ್ ಮೆಕ್‌ಗಿವ್ನಿ ನೈಟ್ಸ್ ಆಫ್ ಕೊಲಂಬಸ್ ಅನ್ನೋ ಇಂಥದೇ ಸಂಘ ಕಟ್ಟಿದರು. ದುಡಿಯೋ ಗಂಡಸು ಸತ್ತರೆ ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದು ಅಂತ. ವಯಸ್ಸಾದವರಿಗೆ, ಕೆಲಸ ಕಳೆದುಕೊಂಡವರಿಗೆ ದುಡ್ಡು ಕೊಡೋ ಸರ್ಕಾರದ ಸೋಷಿಯಲ್ ಸೆಕ್ಯೂರಿಟಿ ಕಾನೂನು ಬಂದದ್ದು 1935ರಲ್ಲಿ. ಅದಕ್ಕೂ ಮುಂಚೆ ಎಷ್ಟೋ ಬಡವರಿಗೆ ಈ ಚಂದಾ ದುಡ್ಡೇ ದಿಕ್ಕು.

ಆದರೆ ಒಂದು ವಿಷಯ ನನಗೆ ಇವತ್ತಿಗೂ ನೋವು ಕೊಡುತ್ತದೆ. ಅಣ್ಣ ತಮ್ಮ ಅಂತಲೇ ಕರೆದುಕೊಳ್ಳುತ್ತಿದ್ದ ಬಿಳಿಯರ ಲಾಡ್ಜುಗಳು ಕಪ್ಪು ಜನರಿಗೆ ಬಾಗಿಲು ಹಾಕಿದವು. ಅವರು 1843ರಲ್ಲಿ ಬೇರೆಯೇ ಆಡ್ ಫೆಲೋಸ್ ಕಟ್ಟಿಕೊಳ್ಳಬೇಕಾಯಿತು. ಹಾಗಾಗಿ ಕೈ ಮುಗಿದು ಕೇಳುತ್ತೇನೆ, ಕನ್ನಡ ಕೂಟದಲ್ಲಿ ಹೊಸಬರು ಸಿಕ್ಕರೆ 'ನಿಮ್ದು ಯಾವ ಜನ?' ಅಂತ ಕೇಳಬೇಡಿ. ಊರು ಕೇಳಿ, ಸಾಕು.

ಕಾಲೇಜಿನ ಫ್ರಟರ್ನಿಟಿ, ಅಂದರೆ ಹುಡುಗರ ಸಂಘ, ಬೇರೆ ಥರದ್ದು. ಕೆಲವು ಕಡೆ ರ‍್ಯಾಗಿಂಗ್ ಇರುತ್ತದೆ, ಸೀನಿಯರ್‌ಗಳನ್ನು ವಿಚಾರಿಸದೆ ಸೇರಬೇಡಿ. ಕನ್ನಡ ಕೂಟಕ್ಕೆ ಮಾತ್ರ ಮೊದಲ ತಿಂಗಳೇ ಹೋಗಿ. ಊಟಕ್ಕೆ ಕೂರುವ ಮುಂಚೆ ಒಂದು ಪಂಕ್ತಿ ಬಡಿಸಿ.

ನಾನು ಹೋದ ಮೊದಲ ಚಳಿಗಾಲ, ಹಿಮದಲ್ಲಿ ಜಾರಿ ಕೈ ಮುರಿದುಕೊಂಡೆ. ಹೆಸರೂ ಸರಿಯಾಗಿ ಗೊತ್ತಿಲ್ಲದ ಮೈಸೂರಿನ ಒಬ್ಬ ಅಣ್ಣ ಮೂರು ವಾರ ಅನ್ನ ಸಾರು ತಂದುಕೊಟ್ಟರು. "ಈ ಋಣ ಹೇಗಣ್ಣ ತೀರಿಸೋದು?" ಅಂದೆ.

"ಮೊದಲು ಕೈ ವಾಸಿಯಾಗಲಿ. ಏಪ್ರಿಲ್‌ನಲ್ಲಿ ಮನೆ ಬದಲಾಯಿಸ್ತೀನಿ, ಸಾಮಾನು ಎತ್ತೋಕೆ ಬಾ" ಅಂದರು.

ಆ ಮಾತು ಕೇಳಿ ಎಷ್ಟು ಹಗುರವಾಯಿತು ಗೊತ್ತಾ! ಏಪ್ರಿಲ್‌ನಲ್ಲಿ ಹೋದೆ. ಬೆಳಗ್ಗೆಯಿಂದ ಕತ್ತಲಾಗುವವರೆಗೆ ಎತ್ತಿದೆ.